ಬೆಂಗಳೂರಿನಿಂದ ಬಂದ ತಂಗಿ ಮಗ ಎರಡು ತಿಂಗಳು ತೋಟದಲ್ಲಿರುತ್ತಾನೆ, ಹೇಗೆ ನೋಡಿಕೊಳ್ಳಲಿ?

ಹಾನುಬಾಳು ತೋಟ
ಏಪ್ರಿಲ್ 11, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಕಾಫಿ ರೇಟು, ಮಳೆ, ಮೆಣಸಿನ ಸೊರಗು ರೋಗ ಅಂತ ಕೇಳುತ್ತಿದ್ದೆ. ಇವತ್ತು ಮನೆ ವಿಷಯ.

ನಮ್ಮದು ಸಕಲೇಶಪುರ ತಾಲ್ಲೂಕು, ಹಾನುಬಾಳು ಕಡೆ. ಕಾಫಿ, ಮರದ ಮೇಲೆ ಮೆಣಸು, ಮನೆ ಕೆಳಗೆ ಸ್ವಲ್ಪ ಗದ್ದೆ, ಕೊಟ್ಟಿಗೆಯಲ್ಲಿ ಎರಡು ಹಸು. ನನ್ನ ತಂಗಿ ಇರುವುದು ಬೆಂಗಳೂರಿನಲ್ಲಿ. ಅವಳ ಮಗ ಹತ್ತನೇ ಕ್ಲಾಸ್ ಪರೀಕ್ಷೆ ಮುಗಿಸಿ ಬಂದಿದ್ದಾನೆ. ಹದಿನಾರು ವರ್ಷ. ಕಾಲೇಜು ಶುರುವಾಗುವವರೆಗೆ ಇರುತ್ತಾನೆ. "ಅಣ್ಣಾ, ನನ್ನ ಮಾತು ಕೇಳ್ತಾನೇ ಇಲ್ಲ. ಸ್ವಲ್ಪ ದಿನ ನಿನ್ನ ಹತ್ರ ಇರ್ಲಿ" ಅಂತ ತಂಗಿ ಫೋನಿನಲ್ಲಿ ಅತ್ತಳು.

ಒಬ್ಬನೇ ಮಗ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಹೋದರೆ ರಾತ್ರಿ ಬರುತ್ತಾರೆ. ಜೊತೆಗಿರಲು ಆಗುತ್ತಿಲ್ಲವಲ್ಲ ಅನ್ನುವ ಸಂಕಟಕ್ಕೆ ಕೇಳಿದ್ದೆಲ್ಲ ಕೊಡಿಸಿದ್ದಾರೆ. ಅವರನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ.

ಬಂದು ಐದು ದಿನ ಆಯಿತು. ಹತ್ತು ಗಂಟೆಗೆ ಏಳುತ್ತಾನೆ. ತಟ್ಟೆಯಲ್ಲಿ ಅರ್ಧ ರೊಟ್ಟಿ ಬಿಟ್ಟು ಎದ್ದು ಹೋಗುತ್ತಾನೆ. ಒದ್ದೆ ಟವೆಲ್ ಬಚ್ಚಲಮನೆ ಬಾಗಿಲಲ್ಲೇ ಬಿದ್ದಿರುತ್ತದೆ. ಇದೆಲ್ಲ ವಯಸ್ಸು ಅಂತ ಬಿಡಬಹುದು. ಆದರೆ ಮೊನ್ನೆ ನಮ್ಮ ತೋಟಕ್ಕೆ ಮೂವತ್ತು ವರ್ಷದಿಂದ ಬರುತ್ತಿರುವ ಹಿರಿಯ ಹೆಂಗಸಿಗೆ "ಏಯ್, ನೀರು ತಗೊಂಡ್ ಬಾ" ಅಂದುಬಿಟ್ಟ. ನಾನೇ ಅವರನ್ನು ಅಕ್ಕ ಅಂತ ಕರೆಯುವುದು. ನನ್ನ ಅಮ್ಮ ಅಡುಗೆಮನೆಯಿಂದ ಹೊರಗೆ ಬಂದು ನಿಂತರು. ಏನೂ ಮಾತಾಡಲಿಲ್ಲ. ತಾವೇ ಚೊಂಬಿನಲ್ಲಿ ನೀರು ತಂದು ಅವನ ಮುಂದೆ ಇಟ್ಟು ಒಳಗೆ ಹೋದರು. ಅವನು ಫೋನಿನಿಂದ ತಲೆ ಎತ್ತಲಿಲ್ಲ.

ಇವತ್ತು ಇನ್ನೊಂದು. ಗದ್ದೆ ಕಡೆ ಹೋಗಿದ್ದವನು ಬರುವಾಗ ಉಣುಗೋಲು (ಬೇಲಿ ದಾರಿಗೆ ಅಡ್ಡ ಹಾಕುವ ಗಳ) ಹಾಕದೇ ಬಂದಿದ್ದಾನೆ. ನಮ್ಮ ಹಸುಗಳು ಪಕ್ಕದವರ ಗದ್ದೆಗೆ ನುಗ್ಗಿ ಬೀನ್ಸ್ ತಿಂದು ತುಳಿದು ಹಾಕಿವೆ. ಇನ್ನೊಂದು ವಾರಕ್ಕೆ ಕೊಯ್ಲಿಗೆ ಬರುವ ಬೆಳೆ. ಪಕ್ಕದವರು ಬಂದು ಹೇಳಿದಾಗ ಹುಡುಗ ಅಂದದ್ದು, "ಎಷ್ಟಾಗುತ್ತೆ ಹೇಳಿ, ಅಪ್ಪ ಕಳಿಸ್ತಾರೆ."

ಪಕ್ಕದವರು ಒಂದು ಮಾತೂ ಆಡದೆ ಹೋದರು. ನನಗೆ ರಾತ್ರಿ ಊಟ ಸೇರಲಿಲ್ಲ. ಬೈಯಲಾ? ವಾಪಸ್ ಕಳಿಸಲಾ? ಮಕ್ಕಳನ್ನು ಸಾಕಿದವರು, ಸ್ವಂತ ಅನುಭವ ಇದ್ದವರು ಹೇಳಿ.


ಮೂಡಿಗೆರೆ ಮಳೆ
ಏಪ್ರಿಲ್ 11, ರಾತ್ರಿ 10:02

ಅಣ್ಣ, ಕಳಿಸಬೇಡಿ. ಬೈಯಲೂ ಬೇಡಿ. ನಾಳೆ ಬೆಳಿಗ್ಗೆ ಅವನನ್ನು ಕರೆದುಕೊಂಡು ಪಕ್ಕದವರ ಮನೆಗೆ ಹೋಗಿ. ದುಡ್ಡು ಕೊಡುವುದು ಬಿಡುವುದು ನಿಮ್ಮ ನಿಮ್ಮ ಮಧ್ಯೆ ಇರಲಿ, ಅದನ್ನು ಹುಡುಗನ ಎದುರು ಮಾತಾಡಬೇಡಿ. ಅವನ ಕೈಯಲ್ಲಿ ಬೇಲಿ ಕಟ್ಟಿಸಿ. ನೀವೂ ಜೊತೆಗೆ ನಿಂತು ಕಟ್ಟಿ. ಒಬ್ಬನನ್ನೇ ಬಿಟ್ಟರೆ ಶಿಕ್ಷೆ ಅನಿಸುತ್ತದೆ. ಮಾವನೂ ಗೂಟ ಹೊಡೆಯುತ್ತಿದ್ದರೆ ಅದು ಕೆಲಸ ಅನಿಸುತ್ತದೆ.


ಜಯನಗರ ಅಮ್ಮ
ಏಪ್ರಿಲ್ 11, ರಾತ್ರಿ 11:15

ಓದಿ ನಿದ್ದೆ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನಗೂ ಇಂಥದೇ ಮಗ, ಹದಿನಾಲ್ಕು ವರ್ಷ.

ಸರ್, ನಮ್ಮ ಮನೆಯಲ್ಲಿ ಬಟ್ಟೆ ಮೆಷಿನ್ ಒಗೆಯುತ್ತದೆ. ಪಾತ್ರೆಗೆ ಬರುವವರು ಇದ್ದಾರೆ. ತರಕಾರಿ ಬಾಗಿಲಿಗೆ ಬರುತ್ತದೆ. ನನ್ನ ಮಗ ಒಂದು ದಿನ ಪೂರ್ತಿ ಹಾಸಿಗೆಯಿಂದ ಏಳದಿದ್ದರೂ ಮನೆಯಲ್ಲಿ ಯಾವ ಕೆಲಸವೂ ನಿಲ್ಲುವುದಿಲ್ಲ. ಇದನ್ನು ಬರೆಯುವಾಗಲೇ ನನಗೆ ಹೊಟ್ಟೆ ಹಿಂಡಿದ ಹಾಗಾಯಿತು. ನಾನು ಹತ್ತು ವರ್ಷದವಳಿದ್ದಾಗ ಬೆಳಿಗ್ಗೆ ಬೋರ್‌ವೆಲ್‌ನಿಂದ ಎರಡು ಬಿಂದಿಗೆ ನೀರು ತರದಿದ್ದರೆ ಮನೆಯಲ್ಲಿ ಕಾಫಿ ಆಗುತ್ತಿರಲಿಲ್ಲ. ಅಮ್ಮ ನನಗಾಗಿ ಬಾಗಿಲಲ್ಲಿ ಕಾಯುತ್ತಿದ್ದರು. ನನ್ನ ಮಗನಿಗಾಗಿ ಯಾರೂ ಹಾಗೆ ಕಾಯುವುದಿಲ್ಲ. ಊಟಕ್ಕೆ ಬಾ ಅಂತ ಕರೆಯುತ್ತೇವೆ ಅಷ್ಟೇ.

ನಿಮ್ಮ ತಂಗಿ ಮೇಲೆ ಕೋಪ ಮಾಡಿಕೊಳ್ಳಬೇಡಿ. ಏನಾಗುತ್ತದೆ ಅಂತ ದಯವಿಟ್ಟು ಬರೆಯುತ್ತಿರಿ.


ಲೈನ್ ಮನೆ ಮಗಳು
ಏಪ್ರಿಲ್ 12, ಬೆಳಿಗ್ಗೆ 6:40

ನಾನು ಚಿಕ್ಕಮಗಳೂರು ಜಿಲ್ಲೆಯ ಒಂದು ತೋಟದ ಲೈನ್ ಮನೆಯಲ್ಲಿ, ಅಂದರೆ ಕೆಲಸದವರ ಸಾಲು ಮನೆಯಲ್ಲಿ, ಹುಟ್ಟಿ ಬೆಳೆದವಳು. ಅಪ್ಪ ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಸವರುವ ಕೆಲಸ, ಮಾಡುತ್ತಿದ್ದರು. ಅಮ್ಮ ಕಾಫಿ ಹಣ್ಣು ಬಿಡಿಸುತ್ತಿದ್ದರು. ಈಗ ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗಿದ್ದೇನೆ.

ಸರ್, ಬೀನ್ಸ್ ವಿಷಯಕ್ಕಿಂತ ನನ್ನ ಮನಸ್ಸಿಗೆ ನಾಟಿದ್ದು ಆ "ಏಯ್". ನೀವು ಅದನ್ನು ಬರೆದಿರಿ, ಒಳ್ಳೆಯದಾಯಿತು. ಆದರೆ ಆ ಹುಡುಗ ಅದನ್ನು ಬೆಂಗಳೂರಿನಲ್ಲಿ ಮಾತ್ರ ಕಲಿತದ್ದಲ್ಲ. ನಮ್ಮ ಕಡೆಯ ತೋಟಗಳಲ್ಲಿ ಐದು ವರ್ಷದ ಮಕ್ಕಳು ಅರವತ್ತು ವರ್ಷದವರನ್ನು ಹೆಸರು ಹಿಡಿದು ಕರೆಯುವುದನ್ನು ನಾನು ನೋಡಿದ್ದೇನೆ. ನನ್ನ ಅಮ್ಮನನ್ನೇ ಹಾಗೆ ಕರೆಯುತ್ತಿದ್ದರು. ನಾನು ಪಕ್ಕದಲ್ಲೇ ಇರುತ್ತಿದ್ದೆ. ಹಳ್ಳಿಗೆ ಬಂದರೆ ಸಂಸ್ಕಾರ ತಾನಾಗೇ ಬರುತ್ತದೆ ಅಂತ ಯಾರೂ ಅಂದುಕೊಳ್ಳಬೇಡಿ. ಯಾವ ಮನೆಗೆ ಬಂದ ಅನ್ನುವುದು ಮುಖ್ಯ.

ಒಂದು ಕೋರಿಕೆ. ಅವನನ್ನು "ಕೆಲಸ ನೋಡು" ಅಂತ ಆಳುಗಳ ಮೇಲೆ ನಿಲ್ಲಿಸಬೇಡಿ. ರೈಟರ್ (ತೋಟದ ಕೆಲಸ, ಲೆಕ್ಕ ನೋಡುವವರು) ಹಿಂದೆ ಕೈಕಟ್ಟಿಕೊಂಡು ಓಡಾಡಿಸಬೇಡಿ. ಆ ಅಕ್ಕನ ಪಕ್ಕದಲ್ಲಿ ನಿಂತು ಅವರು ಹೇಳಿದ ಹಾಗೆ ಮಾಡಲಿ. ಅವರು ಹೇಳಿಕೊಡುವವರು, ಇವನು ಕಲಿಯುವವನು. ಹಾಗಿದ್ದರೆ "ಅಕ್ಕ" ಅನ್ನುವ ಮಾತು ನೀವು ಹೇಳಿಕೊಡದೆಯೇ ಬರುತ್ತದೆ.


ಹಾನುಬಾಳು ತೋಟ
ಏಪ್ರಿಲ್ 13, ರಾತ್ರಿ 9:45

ಎಲ್ಲರಿಗೂ ಥ್ಯಾಂಕ್ಸ್. ಟೀಚರ್ ಮೇಡಂ ಹೇಳಿದ್ದನ್ನು ಎರಡು ಸಲ ಓದಿದೆ. ನಮ್ಮ ಮನೆಯಲ್ಲೂ ನಮ್ಮ ಅಪ್ಪನ ಕಾಲಕ್ಕೆ ಹಾಗೇ ಇತ್ತು. ಅಮ್ಮನೇ ಹಠ ಹಿಡಿದು ಬದಲಾಯಿಸಿದ್ದು.

ನಿನ್ನೆ ಏಳು ಗಂಟೆಗೆ ಎಬ್ಬಿಸಿದೆ. ಗೊಣಗಿಕೊಂಡು ಎದ್ದ. ಪಕ್ಕದವರ ಮನೆಗೆ ಹೋಗುವ ದಾರಿಯಲ್ಲಿ ಅವನಿಗೆ ಒಂದೇ ಮಾತು ಹೇಳಿದೆ. "ದುಡ್ಡಿನ ಮಾತು ನಾನು ಆಡ್ತೀನಿ. ನೀನು ಆ ಗದ್ದೆ ನೋಡು, ಸಾಕು."

ಅವರು ಗದ್ದೆಯಲ್ಲೇ ಇದ್ದರು. ಗಂಡ ಹೆಂಡತಿ ಇಬ್ಬರೂ ಬಗ್ಗಿಕೊಂಡು, ಬಿದ್ದ ಬಳ್ಳಿಗಳನ್ನು ಒಂದೊಂದಾಗಿ ಎತ್ತಿ ಕೋಲಿಗೆ ಕಟ್ಟುತ್ತಿದ್ದರು. ಬಾಳೆನಾರು ನೆನೆಸಿ ಸೀಳಿಟ್ಟುಕೊಂಡಿದ್ದರು. ಹಸು ಕಚ್ಚಿದ ಕಡೆ ಬಳ್ಳಿ ಅರ್ಧಕ್ಕೆ ತುಂಡಾಗಿತ್ತು. ತುಳಿದ ಕಡೆ ಗೊರಸಿನ ಗುರುತು ಮಣ್ಣಿನಲ್ಲಿ ಆಳಕ್ಕೆ ಇಳಿದಿತ್ತು, ಅದರೊಳಗೆ ಬೀನ್ಸ್ ಮಿಡಿಗಳು ಒತ್ತಿ ಕೂತಿದ್ದವು. ಆ ಹೆಂಗಸು ಅಂಥ ಒಂದು ಮಿಡಿ ಎತ್ತಿ ಸೆರಗಿನಲ್ಲಿ ಒರೆಸಿ ಬುಟ್ಟಿಗೆ ಹಾಕಿದರು. ಮಾರಲಿಕ್ಕೆ ಆಗುವುದಿಲ್ಲ, ಮನೆ ಸಾರಿಗೆ ಆಗುತ್ತದಲ್ಲ ಅಂತ. ಹುಡುಗ ಅದನ್ನೇ ನೋಡುತ್ತಾ ನಿಂತ. ಸುಮಾರು ಹೊತ್ತು ನಿಂತ.

ಆಮೇಲೆ ಅವನೇ, "ಆಂಟಿ, ಇದು ಬದುಕುತ್ತಾ?" ಅಂತ ಕೇಳಿದ. ಅವರು, "ಬುಡ ಕಿತ್ತಿಲ್ಲ ಮಗ, ಎತ್ತಿ ಕಟ್ಟಿದ್ರೆ ಬದುಕುತ್ತೆ" ಅಂದರು. ಇವನೂ ಕೂತ. ಮೊದಲ ನಾಲ್ಕು ಗಂಟು ಬಿಗಿಯಾಗಿ ಕಟ್ಟಿ ಬಳ್ಳಿ ಮುರಿದ. ಅವರು ಬೈಯಲಿಲ್ಲ. ಬೆರಳು ಒಂದು ಒಳಗೆ ಹೋಗುವಷ್ಟು ಜಾಗ ಬಿಟ್ಟು ಕಟ್ಟಬೇಕು ಅಂತ ತೋರಿಸಿದರು.

ಮಧ್ಯಾಹ್ನದ ಮೇಲೆ ಬೇಲಿ. ಮೂಡಿಗೆರೆಯವರು ಹೇಳಿದ ಹಾಗೆ ನಾನೂ ಜೊತೆಗಿದ್ದೆ. ಗೂಟ ಹೊಡೆದು ಅವನ ಅಂಗೈ ಬೊಬ್ಬೆ ಬಂತು. ರಾತ್ರಿ ಅಮ್ಮ ಕೊಬ್ಬರಿ ಎಣ್ಣೆ ಹಚ್ಚಿದರು. ಕ್ಷಮಿಸಿ ಅನ್ನುವ ಮಾತು ಇನ್ನೂ ಅವನ ಬಾಯಿಂದ ಬಂದಿಲ್ಲ, ಅದು ನಿಜ. ನಾನೂ ಒತ್ತಾಯ ಮಾಡಿಲ್ಲ. ಇವತ್ತು ಬೆಳಿಗ್ಗೆ ಯಾರೂ ಹೇಳದೆ ಹೋಗಿ ಬಳ್ಳಿ ನೋಡಿಕೊಂಡು ಬಂದ.


ಕೊಪ್ಪ ನರ್ಸ್
ಏಪ್ರಿಲ್ 14, ಮಧ್ಯಾಹ್ನ 1:30

ಎಲ್ಲರೂ ಮನಸ್ಸಿನ ವಿಷಯ ಬರೆದಿದ್ದೀರಿ, ನಾನು ಮೈ ವಿಷಯ ಹೇಳುತ್ತೇನೆ. ಪಟ್ಟಣದ ಮಕ್ಕಳಿಗೆ ಗೊತ್ತಿರುವುದಿಲ್ಲ, ಹೇಳಲೇಬೇಕು.

ಈಗ ಉಣ್ಣೆ (ಮೈಗೆ ಕಚ್ಚಿ ರಕ್ತ ಹೀರುವ ಹುಳ) ಕಾಲ. ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆ ಮಂಗನ ಕಾಯಿಲೆ ಬರುವುದು ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ಒಳಗೆ. ಅದು ಉಣ್ಣೆ ಕಚ್ಚಿ ಬರುವ ಜ್ವರ. ಕಾಡಂಚಿಗೆ ಹೋಗುವ ಮೊದಲು ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಕೈಕಾಲಿಗೆ ಹಚ್ಚಬೇಕು. ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟ್ ಹಾಕಬೇಕು. ಬಂದ ಮೇಲೆ ಬಿಸಿನೀರಿನಲ್ಲಿ ಸೋಪು ಹಾಕಿ ಸ್ನಾನ ಮಾಡಿ ಬಟ್ಟೆ ಒಗೆಯಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗಬಾರದು, ಆಸ್ಪತ್ರೆಗೋ ಪಂಚಾಯ್ತಿಗೋ ಹೇಳಬೇಕು. ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಯಲ್ಲೇ ಮಾತ್ರೆ ನುಂಗಿ ಕೂರಬೇಡಿ. ನಿಮ್ಮ ಕಡೆ ಕಾಯಿಲೆ ಇರಲಿ ಬಿಡಲಿ, ಈ ಅಭ್ಯಾಸ ಒಳ್ಳೆಯದು.

ರಾತ್ರಿ ಅಂಗಳಕ್ಕೆ ಇಳಿದರೂ ಟಾರ್ಚ್ ಇರಲಿ. ಗಮ್‌ಬೂಟ್ ಹಾಕುವ ಮೊದಲು ಬೋರಲು ಮಾಡಿ ಕೊಡವಬೇಕು. ಮಳೆ ಶುರುವಾದ ಮೇಲೆ ಇಂಬಳ (ಜಿಗಣೆ) ಹೇಗೂ ಕಚ್ಚುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ ಅಂತಲೂ ಹೇಳಿ.


ಆಲೂರು ಮೊಮ್ಮಗ
ಏಪ್ರಿಲ್ 16, ರಾತ್ರಿ 8:50

ನಾನು ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಮ್ಮಿ. ಆದರೆ ಇದಕ್ಕೆ ಬರೆಯಲೇಬೇಕು. ಇಪ್ಪತ್ತು ವರ್ಷದ ಹಿಂದೆ ಆ ಹುಡುಗ ನಾನೇ ಆಗಿದ್ದೆ.

ಅಪ್ಪ ಅಮ್ಮನ ಜೊತೆ ಜಗಳ ಮಾಡಿಕೊಂಡು ಓದು ಬಿಟ್ಟು ಕೂತಿದ್ದೆ. ಆಲೂರು ತಾಲ್ಲೂಕಿನ ಅಜ್ಜನ ಮನೆಗೆ ಕಳಿಸಿದರು. ಮೇ ತಿಂಗಳು. ಹಾಸನದ ಎಪಿಎಂಸಿಗೆ ಜಲಂಧರ್ ಕಡೆಯಿಂದ ಬಿತ್ತನೆ ಆಲೂಗಡ್ಡೆ ಬರುವ ಹೊತ್ತು. ಅಜ್ಜ ನನ್ನನ್ನೂ ಕರೆದುಕೊಂಡು ಹೋದರು. ಸಾಲಾಗಿ ಲಾರಿಗಳು, ಚೀಲದ ರಾಶಿ, ಜನವೋ ಜನ. ಅಜ್ಜ ಒಂದು ಗಡ್ಡೆ ಕೈಗೆ ತೆಗೆದುಕೊಂಡು ಉಗುರಿನಲ್ಲಿ ಕೆರೆದು, ಮೂಸಿ, ಕಣ್ಣು ಎಣಿಸಿ, ಇನ್ನೊಂದು ತೆಗೆದುಕೊಂಡರು. ಒಂದು ಗಂಟೆ ಹೀಗೇ. ನನಗೆ ಸಿಟ್ಟು. ಆಲೂಗಡ್ಡೆ ತಾನೇ ಅಂತ.

ಮನೆಗೆ ತಂದು ಕೊಯ್ಯುವ ಕೆಲಸ. ಪ್ರತಿ ಹೋಳಿಗೂ ಎರಡು ಮೂರು ಕಣ್ಣು ಉಳಿಯುವ ಹಾಗೆ ಕೊಯ್ಯಬೇಕು. ಕಣ್ಣಿಲ್ಲದ ಹೋಳು ಮೊಳೆಯುವುದಿಲ್ಲ. ನಾನು ಮಾತಾಡಿಕೊಂಡು ಹೇಗೋ ಕೊಯ್ದು ಒಂದು ಮಂಕರಿ ತುಂಬ ಹಾಳು ಮಾಡಿದೆ. ಅಜ್ಜಿ ಅದನ್ನು ಸುಮ್ನೆ ಪಕ್ಕಕ್ಕೆ ಇಟ್ಟರು. ಆಮೇಲೆ ವಾರ ಪೂರ್ತಿ ಅದೇ ಪಲ್ಯ. ಯಾರೂ ನನಗೆ ಒಂದು ಮಾತು ಅನ್ನಲಿಲ್ಲ.

ಮಳೆ ಬಂತು, ಹಾಕಿದೆವು. ಗಿಡ ಎಷ್ಟು ಚೆನ್ನಾಗಿ ಎದ್ದಿತ್ತು ಅಂದರೆ ನಾನು ದಿನಾ ಬೆಳಿಗ್ಗೆ ಹೋಗಿ ನೋಡುತ್ತಿದ್ದೆ. ನನ್ನ ಕೈಯಿಂದ ಹುಟ್ಟಿದ್ದು ಅಂತ ಜೀವನದಲ್ಲಿ ಅದೇ ಮೊದಲು. ಜುಲೈನಲ್ಲಿ ಮೋಡ ಕವಿದು ಜಡಿಮಳೆ ಹಿಡಿಯಿತು. ಎಲೆಯಂಚಿನಲ್ಲಿ ಕಪ್ಪು ಮಚ್ಚೆ ಕಂಡಿತು. ಅಜ್ಜ ಎಲೆ ಮಗುಚಿ ನೋಡಿದರು. ಕೆಳಗೆ ಬಿಳಿ ಬೂಷ್ಟು. "ಅಂಗಮಾರಿ" ಅಂದರು ಅಷ್ಟೇ. ಔಷಧಿ ಹೊಡೆಯೋಣ ಅಂದರೆ ಮಳೆ ಬಿಡಲಿಲ್ಲ. ನಾಲ್ಕೈದು ದಿನದಲ್ಲಿ ಹೊಲ ಸುಟ್ಟ ಹಾಗಾಯಿತು. ನಾನು ಬದುವಿನ ಮೇಲೆ ಕೂತು ಅತ್ತೆ. ನನ್ನ ಬೈಕ್ ಕಿತ್ತುಕೊಂಡಾಗಲೂ ಅಷ್ಟು ಅತ್ತಿರಲಿಲ್ಲ.

ಅಜ್ಜ ಪಕ್ಕದಲ್ಲಿ ಕೂತು ಬೀಡಿ ಹಚ್ಚಿದರು. ಸ್ವಲ್ಪ ಹೊತ್ತಾದ ಮೇಲೆ, "ಏಳು, ಹಸು ಕಟ್ಬೇಕು" ಅಂದರು. ಮರುವರ್ಷ ಮೇ ತಿಂಗಳಿಗೆ ನಾನೇ ಫೋನ್ ಮಾಡಿ ಯಾವತ್ತು ಎಪಿಎಂಸಿಗೆ ಹೋಗುವುದು ಅಂತ ಕೇಳಿದೆ. ಅಷ್ಟೊತ್ತಿಗೆ ವಾಪಸ್ ಕಾಲೇಜಿಗೂ ಸೇರಿದ್ದೆ.

ಅಣ್ಣ, ಆ ಹುಡುಗನ ಕೈಗೆ ಹಾಳಾಗಬಹುದಾದ ಕೆಲಸ ಕೊಡಿ. ಹಾಳಾದರೂ ಪರವಾಗಿಲ್ಲ ಅನ್ನುವಂಥ ಕೆಲಸ ಕೊಡಬೇಡಿ. ಅವನಿಗೆ ವ್ಯತ್ಯಾಸ ಗೊತ್ತಾಗುತ್ತದೆ.


ಅರಸೀಕೆರೆ ತೆಂಗು
ಏಪ್ರಿಲ್ 17, ಬೆಳಿಗ್ಗೆ 10:10

ಎಲ್ಲ ಓದಿದೆ. ಒಂದು ವಿಷಯಕ್ಕೆ ನನ್ನ ಒಪ್ಪಿಗೆ ಇಲ್ಲ. ಹಳ್ಳಿ ಹುಡುಗರೆಲ್ಲ ಒಳ್ಳೆಯವರು, ಪಟ್ಟಣದವರು ಕೆಟ್ಟವರು ಅನ್ನುವ ಹಾಗೆ ಮಾತು ಹೋಗುತ್ತಿದೆ. ನಮ್ಮ ಊರಿನ ಅರಳಿಕಟ್ಟೆ ಮೇಲೆ ಸಂಜೆ ಬಂದು ನೋಡಿ. ಹತ್ತು ಹುಡುಗರು, ಹತ್ತು ಫೋನು. ಅಪ್ಪ ಒಬ್ಬನೇ ತೋಟದಲ್ಲಿ ಕಾಯಿ ಆರಿಸುತ್ತಿರುತ್ತಾನೆ. ಸಹಾಯ ಮಾಡುವ ಮನಸ್ಸಿದ್ದ ಹುಡುಗರು ಬೆಂಗಳೂರಿಗೆ ಹೋಗಿ ಕೆಲಸ ಮಾಡಿ ಮನೆಗೆ ದುಡ್ಡು ಕಳಿಸುತ್ತಿದ್ದಾರೆ.

ನಮ್ಮದು ಒಣ ಸೀಮೆ. ಕಾಯಿ ಅಟ್ಟಕ್ಕೆ ಹಾಕಿದರೆ ಕೊಬ್ಬರಿಯಾಗಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಅವಸರ ಮಾಡಿ ಒಡೆದರೆ ಒಳಗೆ ಹಸಿ. ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗಿಟುಕು (ಒಣಗಿದ ಇಡೀ ಕೊಬ್ಬರಿ) ಗಡಗಡ ಅನ್ನಬೇಕು. ನಿಮ್ಮ ಹುಡುಗನಿಗೆ ಇರುವುದು ಎರಡೇ ತಿಂಗಳು. ಎಲ್ಲ ಈಗಲೇ ಆಗಬೇಕು ಅಂತ ಇಟ್ಟುಕೊಳ್ಳಬೇಡಿ ಅಂತ ಹೇಳಲಿಕ್ಕೆ ಬರೆದೆ.


ಮೂಡಿಗೆರೆ ಮಳೆ
ಏಪ್ರಿಲ್ 17, ಬೆಳಿಗ್ಗೆ 11:00

ಅರಸೀಕೆರೆಯವರ ಮಾತು ನೂರಕ್ಕೆ ನೂರು ನಿಜ. ನನ್ನ ಸ್ವಂತ ಮಗನಿಗೆ ಕಸಿ ಕತ್ತರಿ ಹಿಡಿಯಲು ಬರುವುದಿಲ್ಲ. ನಾನೇ ಕಲಿಸಲಿಲ್ಲ. ಓದಿಕೊಳ್ಳಲಿ ಅಂತ ಬಿಟ್ಟೆ.


ಹಾನುಬಾಳು ತೋಟ
ಏಪ್ರಿಲ್ 28, ರಾತ್ರಿ 10:30

ಇವತ್ತು ನಡೆದದ್ದನ್ನು ಇವತ್ತೇ ಬರೆಯಬೇಕು ಅನಿಸಿತು.

ಮೊದಲು ಹಿಂದಿನ ವಾರದ್ದು. ಮೆಣಸು ಬಿಡಿಸಿ ಕಣದಲ್ಲಿ ಹರಡಿದ್ದೆವು. ಈ ಸಲ ಕೊಯ್ಲು ತಡ, ಆಳು ಸಿಗಲಿಲ್ಲ. ಮೆಣಸು ಒಣಗಲು ಬಿಸಿಲು ಚೆನ್ನಾಗಿದ್ದರೆ ನಾಲ್ಕೈದು ದಿನ ಸಾಕು. ಆದರೆ ಏಪ್ರಿಲ್ ಕೊನೆ ಅಂದರೆ ಮಧ್ಯಾಹ್ನ ಮೂರರ ಮೇಲೆ ಯಾವಾಗ ಗುಡುಗು ಹೊಡೆಯುತ್ತದೆ ಅಂತ ಹೇಳಲಾಗದು. ಅವತ್ತು ನಾನು ಪೇಟೆಗೆ ಹೋಗಿದ್ದೆ. ಕಣದಲ್ಲಿ ಅಕ್ಕ ಒಬ್ಬರೇ ಇದ್ದರು. ಮಳೆ ಬಂತು. ಹುಡುಗ ಜಗಲಿ ಮೇಲೆ ಕೂತು ಮಳೆಯ ವಿಡಿಯೊ ತೆಗೆಯುತ್ತಿದ್ದ. ಅಕ್ಕ ಒಬ್ಬರೇ ಟಾರ್ಪಾಲು ಎಳೆದರು. ಅರ್ಧ ಮೆಣಸು ನೆನೆಯಿತು. ಎರಡು ದಿನ ಬಿಸಿಲು ಬರಲಿಲ್ಲ, ನೆನೆದದ್ದಕ್ಕೆ ಬೂಷ್ಟು ಹಿಡಿಯಿತು. ನಾನು ಆ ಮೆಣಸನ್ನು ಒಂದು ತಟ್ಟೆಯಲ್ಲಿ ತಂದು ಅವನ ಮುಂದೆ ಇಟ್ಟು, ಮೂಸು ಅಂದೆ. ಮೂಸಿದ. ವರ್ಷಕ್ಕೆ ಒಂದೇ ಸಲ ಬರುವ ಬೆಳೆ ಇದು, ಅಕ್ಕ ಆ ಮರದ ಕೆಳಗೆ ಏಣಿ ಹಿಡಿದು ನಿಂತಿದ್ದರು ಅಂತ ಹೇಳಿದೆ. ಅಷ್ಟೇ. ಅವತ್ತಿನಿಂದ ಕಣ ಅವನದು ಅಂತಲೂ ಹೇಳಿದೆ. ಆಲೂರಿನವರ ಮಾತು ನೆನಪಿತ್ತು.

ಅವನು ಅಕ್ಕನ ಹತ್ತಿರ ಕೇಳಿ ಕಲಿತ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಹರಡುವುದು. ಗಂಟೆಗೊಮ್ಮೆ ಕಾಲಿನಲ್ಲಿ ಸಾಲು ಎಳೆದು ಮಗುಚುವುದು. ಒಣಗಿತಾ ಅಂತ ನೋಡಲು ಕಾಳು ಕಚ್ಚುವುದು, ಕಟ್ ಅಂತ ಒಡೆಯಬೇಕು. ಬಾಯಿ ಉರಿದು ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ಕಚ್ಚುತ್ತಿದ್ದ.

ಇವತ್ತು ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಎರಡೂವರೆ ಇರಬೇಕು. ಬಿಸಿಲು ಚೆನ್ನಾಗೇ ಇತ್ತು. ಅವನು ತುತ್ತು ಕೈಯಲ್ಲಿ ಹಿಡಿದು ಸುಮ್ಮನಾದ. "ಅಜ್ಜಿ, ಗಾಳಿ ನಿಂತೋಯ್ತು" ಅಂದ. ನಮಗೆ ಯಾರಿಗೂ ಗಮನ ಇರಲಿಲ್ಲ. ಕೈಯನ್ನೂ ತೊಳೆಯದೆ ಎದ್ದು ಓಡಿದ. "ಅಕ್ಕಾ, ಟಾರ್ಪಾಲು!" ಅಂತ ಕೂಗಿದ್ದು ಕೇಳಿಸಿತು. ನಾನು ಹೋಗುವಷ್ಟರಲ್ಲಿ ಅಕ್ಕ ಒಂದು ಕಡೆ, ಅವನು ಒಂದು ಕಡೆ, ಹಲಗೆ ಹಿಡಿದು ಗೋರಿ ರಾಶಿ ಮಾಡುತ್ತಿದ್ದರು. ಪಶ್ಚಿಮಕ್ಕೆ ಆಕಾಶ ಕಪ್ಪಾಗಿತ್ತು. ಟಾರ್ಪಾಲಿನ ಕೊನೆ ಮೂಲೆಗೆ ಕಲ್ಲು ಇಡುವುದಕ್ಕೂ ಹನಿ ಬೀಳುವುದಕ್ಕೂ ಸರಿಯಾಯಿತು. ಆಮೇಲೆ ಆಲಿಕಲ್ಲು ಮಳೆ. ಒಂದು ಕಾಳೂ ನೆನೆಯಲಿಲ್ಲ.

ಇಬ್ಬರೂ ಜಗಲಿಗೆ ಬಂದರು. ಅಕ್ಕನ ತಲೆ ನೆಂದಿತ್ತು. ಅವನು ಒಳಗೆ ಹೋಗಿ ತನ್ನ ಟವೆಲ್ ತಂದು ಅವರ ಕೈಗೆ ಕೊಟ್ಟ. ಅಮ್ಮ ನನ್ನ ಮುಖ ನೋಡಿದರು.

ಆಮೇಲೆ ತಟ್ಟೆ ಮುಂದೆ ಬಂದು ಕೂತು, ಆರಿ ತಣ್ಣಗಾಗಿದ್ದ ಅನ್ನ ಪೂರ್ತಿ ಊಟ ಮಾಡಿದ.


ಜಯನಗರ ಅಮ್ಮ
ಏಪ್ರಿಲ್ 28, ರಾತ್ರಿ 11:05

ಟವೆಲ್ ಅಂತ ಓದಿದ ಕೂಡಲೇ ಕಣ್ಣು ತುಂಬಿತು. ನನ್ನ ಯಜಮಾನರಿಗೂ ಓದಿ ಹೇಳಿದೆ.

ಸರ್, ಫೋನ್ ಏನು ಮಾಡಿದಿರಿ? ಕಿತ್ತುಕೊಂಡಿರಾ? ಇಲ್ಲಿ ಅದೇ ದೊಡ್ಡ ಯುದ್ಧ.


ಹಾನುಬಾಳು ತೋಟ
ಏಪ್ರಿಲ್ 29, ಬೆಳಿಗ್ಗೆ 6:15

ಕಿತ್ತುಕೊಂಡಿಲ್ಲ ಮೇಡಂ. ಹಾಗಂತ ಎಲ್ಲ ಸರಿಹೋಯಿತು ಅಂತಲೂ ಅಲ್ಲ. ಮನೆಯಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಅದಕ್ಕೇ ಕಳೆದ ವಾರ ಸಂಜೆ ಆರೂವರೆಗೆ ಹೇಳದೆ ಕೇಳದೆ ನನ್ನ ಬೈಕ್ ತೆಗೆದುಕೊಂಡು ಗುಡ್ಡದ ತಿರುವಿಗೆ ಹೋಗಿದ್ದ. ಅವತ್ತು ಆ ಕಡೆಯೇ ಆನೆ ಇದೆ ಅಂತ ಅರಣ್ಯ ಇಲಾಖೆಯಿಂದ ನನ್ನ ಮೊಬೈಲ್‌ಗೆ ಸಂದೇಶ ಬಂದಿತ್ತು. ಜೀಪಿನಲ್ಲಿ ಹುಡುಕಿಕೊಂಡು ಹೋದೆ. ನನ್ನ ಕೈ ನಡುಗುತ್ತಿತ್ತು. ಸಿಕ್ಕಿದ ಮೇಲೆ ಜೋರಾಗಿಯೇ ಬೈದೆ. ಲೈಸೆನ್ಸ್ ಇಲ್ಲದೆ ಬೈಕ್ ಮುಟ್ಟಿದ್ದಕ್ಕೂ ಬೈದೆ. ಎರಡು ದಿನ ಮಾತು ಬಿಟ್ಟ. ಬಿಡಲಿ. ನಮ್ಮ ಕಡೆ ಆನೆಗೆ ಸಿಕ್ಕಿ ಕೆಲಸಕ್ಕೆ ಹೋದವರು ವಾಪಸ್ ಬರದೇ ಇರುವುದನ್ನು ನಾವು ನೋಡಿದ್ದೇವೆ. ಈ ವಿಷಯದಲ್ಲಿ ನಿಧಾನಕ್ಕೆ ಕಲಿಯಲಿ ಅಂತ ಬಿಡಲಿಕ್ಕೆ ಆಗುವುದಿಲ್ಲ.

ಮೂರನೇ ದಿನ ಅವನೇ, "ಮಾವ, ಆ ಮೆಸೇಜ್ ನಂಗೂ ಬರೋ ಹಾಗೆ ಮಾಡ್ಕೊಡ್ತೀರಾ" ಅಂತ ಕೇಳಿದ. ಈಗ ಸಂಜೆ ಆನೆ ಎಲ್ಲಿದೆ ಅಂತ ಲೈನಿಗೆ ಹೋಗಿ ಹೇಳಿ ಬರುವುದು ಅವನ ಕೆಲಸ.


ಲೈನ್ ಮನೆ ಮಗಳು
ಏಪ್ರಿಲ್ 29, ಸಂಜೆ 5:40

ಸರ್, ಆ ಅಕ್ಕನಿಗೆ ನನ್ನ ನಮಸ್ಕಾರ ಹೇಳಿ.

ಇನ್ನೊಂದು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಶನಿವಾರ ಬಟವಾಡೆ ಮಾಡುವಾಗ ಅವನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾರಿಗೆ ಎಷ್ಟು ದಿನದ ಸಂಬಳ, ಯಾರದ್ದು ಎಷ್ಟು ಮುಂಗಡ ಅಂತ ಅವನೂ ನೋಡಲಿ. ಒಂದು ವಾರ ಬೆನ್ನು ಬಗ್ಗಿಸಿದ್ದಕ್ಕೆ ಏನು ಬರುತ್ತದೆ ಅಂತ ಗೊತ್ತಾಗಬೇಕು. ಕೊಯ್ಲಿನ ಕಾಲಕ್ಕೆ ಬಂದರೆ ಇನ್ನೂ ಒಳ್ಳೆಯದು. ಹಣ್ಣು ಬಿಡಿಸುವುದಕ್ಕೆ ಕೆಜಿ ಲೆಕ್ಕ. ನನ್ನ ಅಮ್ಮ ಸಂಜೆ ತಕ್ಕಡಿ ಮುಂದೆ ಚೀಲ ಇಟ್ಟು ಮುಳ್ಳನ್ನೇ ನೋಡುತ್ತಾ ನಿಲ್ಲುತ್ತಿದ್ದದ್ದು ನನಗೆ ಇವತ್ತಿಗೂ ಕಣ್ಣ ಮುಂದಿದೆ.


ಹಾನುಬಾಳು ತೋಟ
ಮೇ 21, ರಾತ್ರಿ 9:00

ಬಹಳ ದಿನ ಆಯಿತು ಬರೆದು. ಮರಗಸಿ ನಡೆಯುತ್ತಿದೆ, ಮಳೆಗಾಲದೊಳಗೆ ಮುಗಿಯಬೇಕು.

ಟೀಚರ್ ಮೇಡಂ ಹೇಳಿದ ಹಾಗೆ ಬಟವಾಡೆಗೆ ಕೂರಿಸಿದೆ. ಪುಸ್ತಕ ಅವನೇ ಓದಿದ, ನಾನು ದುಡ್ಡು ಎಣಿಸಿ ಕೊಟ್ಟೆ. ಎಲ್ಲ ಮುಗಿದ ಮೇಲೆ ಅವನು ಸುಮಾರು ಹೊತ್ತು ಪುಸ್ತಕದ ಮುಂದೇ ಇದ್ದ. ಆಮೇಲೆ, "ಮಾವ, ನನ್ನ ಶೂ ರೇಟು ಅಕ್ಕನ ಎಷ್ಟು ದಿನದ ಸಂಬಳ ಗೊತ್ತಾ?" ಅಂದ. ನಾನು ಉತ್ತರ ಕೊಡಲಿಲ್ಲ. ಲೆಕ್ಕ ಅವನೇ ಹಾಕಿದ್ದ. ನಿಜ ಹೇಳಬೇಕೆಂದರೆ ಆ ರಾತ್ರಿ ನಾನೂ ಪುಸ್ತಕ ತೆಗೆದು ನೋಡಿದೆ. ಅಕ್ಕನಿಗೆ ಬರುವ ವಾರದಿಂದ ಸಂಬಳ ಜಾಸ್ತಿ ಮಾಡಿದ್ದೇನೆ. ಹುಡುಗನಿಗೆ ಹೇಳಿಲ್ಲ.

ಇನ್ನೊಂದು ಸಂತೋಷದ ವಿಷಯ. ಮೊನ್ನೆ ರಾತ್ರಿ ಹಸು ಕರು ಹಾಕಿತು. ಅವನೇ ಟಾರ್ಚ್ ಹಿಡಿದಿದ್ದ. ಕರು ಬಿದ್ದ ಕೂಡಲೇ ಅಮ್ಮ ಮೂಗಿನ ಲೋಳೆ ಒರೆಸಿ, ಒಣ ಹುಲ್ಲಿನಲ್ಲಿ ಮೈ ತಿಕ್ಕಿ, ಅವನ ಕೈಗೂ ಹುಲ್ಲು ಕೊಟ್ಟರು. ಮೊದಲು ಹಿಂಜರಿದ, ಆಮೇಲೆ ಮಂಡಿಯೂರಿ ಕೂತು ತಿಕ್ಕಿದ. ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣುಹಾಲು ಕರುವಿನ ಹೊಟ್ಟೆಗೆ ಹೋಗಲೇಬೇಕು, ಇಲ್ಲದಿದ್ದರೆ ಕರುವಿಗೆ ರೋಗ ತಡೆಯುವ ಶಕ್ತಿ ಬರುವುದಿಲ್ಲ. ಅದು ಎದ್ದು ನಿಲ್ಲುವುದು, ಬೀಳುವುದು, ಮತ್ತೆ ಏಳುವುದು. ಇವನು ಅದರ ಹೊಟ್ಟೆ ಕೆಳಗೆ ಕೈ ಕೊಟ್ಟು ಎತ್ತಿ ಹಿಡಿದು ಕೆಚ್ಚಲಿಗೆ ಬಾಯಿ ತಾಗಿಸಿದ. ಮೂರನೇ ಸಲಕ್ಕೆ ಕುಡಿಯಿತು.

ಮರುದಿನ ಅಮ್ಮ ಗಿಣ್ಣು ಮಾಡಿ ಕೊಟ್ಟರೆ, ಬಟ್ಟಲು ಹಿಡಿದುಕೊಂಡು, "ಅದಕ್ಕೆ ಸಾಕಾಗುವಷ್ಟು ಬಿಟ್ಟಿದ್ದೀರಲ್ವಾ ಅಜ್ಜಿ?" ಅಂತ ಕೇಳಿ ಆಮೇಲೆ ತಿಂದ.


ಆಲೂರು ಮೊಮ್ಮಗ
ಮೇ 21, ರಾತ್ರಿ 9:40

ಅಣ್ಣ, ಸಂಬಳದ ವಿಷಯ ಅವನಿಗೆ ಹೇಳಿ. ನೀವು ಅವನ ಮಾತು ಕೇಳಿದಿರಿ ಅಂತ ಅವನಿಗೆ ಗೊತ್ತಾಗಲಿ.


ಕೊಪ್ಪ ನರ್ಸ್
ಮೇ 22, ಬೆಳಿಗ್ಗೆ 7:20

ಕರುವಿಗೆ ಹೆಸರಿಟ್ಟಿರಾ?


ಹಾನುಬಾಳು ತೋಟ
ಜೂನ್ 4, ರಾತ್ರಿ 8:15

ಗೌರಿ ಅಂತ ಅಮ್ಮ ಇಟ್ಟರು.

ಇವತ್ತು ಬೆಳಿಗ್ಗೆ ಅವನನ್ನು ಸಕಲೇಶಪುರದಲ್ಲಿ ಬಸ್ಸು ಹತ್ತಿಸಿ ಬಂದೆ. ಹೋಗುವ ಮೊದಲು ಪಕ್ಕದವರ ಮನೆಗೆ ಒಬ್ಬನೇ ಹೋಗಿದ್ದ. ಏನು ಮಾತಾಡಿದ ಅಂತ ನನಗೆ ಗೊತ್ತಿಲ್ಲ. ವಾಪಸ್ ಬರುವಾಗ ಅವರು ಎರಡು ಕೆಜಿ ಬೀನ್ಸ್ ಕಟ್ಟಿಕೊಟ್ಟಿದ್ದರು, ಅಮ್ಮನಿಗೆ ಕೊಡು ಅಂತ. ಎತ್ತಿ ಕಟ್ಟಿದ ಬಳ್ಳಿಯ ಕೊನೆ ಕೊಯ್ಲು.

ತಂಗಿಗೆ ಫೋನ್ ಮಾಡಿ ಒಂದೇ ಮಾತು ಹೇಳಿದೆ. ಮನೆಯಲ್ಲಿ ಅವನು ಮಾಡದಿದ್ದರೆ ನಿಂತುಹೋಗುವಂಥ ಒಂದು ಕೆಲಸ ಇಡು. ಅವನು ಮರೆತರೆ ನೀನು ಮಾಡಲಿಕ್ಕೆ ಹೋಗಬೇಡ. ತಂಗಿ ಅನ್ನ ಮಾಡುವ ಕೆಲಸ ಕೊಟ್ಟಿದ್ದಾಳಂತೆ. ರಾತ್ರಿ ಏಳೂವರೆಗೆ ಕುಕ್ಕರ್ ಇಡುವುದು ಅವನು.


ಜಯನಗರ ಅಮ್ಮ
ಜೂನ್ 4, ರಾತ್ರಿ 9:30

ನಾನೂ ನಾಳೆಯಿಂದ ಇದನ್ನೇ ಶುರು ಮಾಡುತ್ತೇನೆ. ನಮ್ಮ ಮನೆಯಲ್ಲಿ ಹಾಲು ಕಾಯಿಸುವುದು.


ಹಾನುಬಾಳು ತೋಟ
ನವೆಂಬರ್ 23, ಸಂಜೆ 7:00

ಹಳೇ ಚರ್ಚೆ ಮೇಲೆ ತರುತ್ತಿದ್ದೇನೆ, ಕೆಲವರು ಕೇಳಿದ್ದಿರಿ.

ಅವನು ಏಪ್ರಿಲ್‌ನಲ್ಲಿ ಬಂದಾಗ ಅರೇಬಿಕಾ ಗಿಡದಲ್ಲಿ ಹೂವು ಉದುರಿ ಸಾಸಿವೆಯಷ್ಟು ಮಿಡಿ ಇತ್ತು. ಇದು ಹಣ್ಣಾಗಲು ಹೂವಿನಿಂದ ಎಂಟೊಂಬತ್ತು ತಿಂಗಳು ಬೇಕು ಅಂದಾಗ ನಂಬಿರಲಿಲ್ಲ. ಅಷ್ಟು ದಿನ ಏನ್ ಮಾಡ್ತೀರಿ ಅಂತ ಕೇಳಿದ್ದ. ಆಗಸ್ಟ್‌ನಿಂದ ತಿಂಗಳಿಗೊಮ್ಮೆ ಫೋನ್ ಮಾಡಿ ಬಣ್ಣ ಬಂತಾ ಅಂತ ವಿಚಾರಿಸುತ್ತಿದ್ದ. ಈಗ ತೋಟದ ಕೆಳಗಿನ ಪಟ್ಟೆಯಲ್ಲಿ ಹಣ್ಣು ಕೆಂಪಾಗಿದೆ. ಅಕ್ಕನ ಕೈಗೆ ಫೋನ್ ಕೊಟ್ಟು ಮಾತಾಡಿಸಿದೆ. "ಬಾ ಮಗ, ನಿನ್ನ ಸಾಲು ಬಿಟ್ಟಿರ್ತೀನಿ" ಅಂದರು.

ಕ್ರಿಸ್‌ಮಸ್ ರಜೆಗೆ ಹತ್ತು ದಿನ ಬರುತ್ತಿದ್ದಾನೆ. ಓದುವುದೂ ಇದೆ ಅಂತ ಪುಸ್ತಕ ತರುತ್ತಾನಂತೆ. ಅಮ್ಮ ಅವನ ಗಮ್‌ಬೂಟ್ ತೆಗೆದು ಒರೆಸಿ ಜಗಲಿಯಲ್ಲಿಟ್ಟಿದ್ದಾರೆ. ಎಂಟು ನಂಬರು. ಫೋನಿನಲ್ಲಿ ಕೇಳಿದರೆ ಈಗ ಒಂಬತ್ತು ಬೇಕಂತೆ. ನಾಳೆ ಪೇಟೆಗೆ ಹೋದಾಗ ತರಬೇಕು.